ಕೊಲೆಗಾರ ಯಾರೆಂದು ನನಗೆ ಮೊದಲೇ ಗೊತ್ತು

ಏಪ್ರಿಲ್ ೧೨, ಶುಕ್ರವಾರ

ಶಾಲೆಗೆ ರಜೆ ಬಿಟ್ಟ ಮರುದಿನವೇ ಪೆಟ್ಟಿಗೆ ಹಿಡಿದು ತಂಗಿಯ ಮನೆಗೆ ಬಂದಿಳಿದೆ. ವರ್ಷಾನುಗಟ್ಟಲೆ ಮಕ್ಕಳಿಗೆ ಗಣಿತ ಕಲಿಸಿದ ನನಗೆ ರಜೆ ಎಂದರೆ ಒಂದು ಶಿಕ್ಷೆ; ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ ಮುಗಿಸಿದ ಮೇಲೆ ಬೇರೆ ಕೆಲಸವೇ ಇರುವುದಿಲ್ಲ. ಈ ಸಲ ಹಾಗಲ್ಲ. ತಂಗಿ ಪುಟ್ಟಿಗೆ ಎದೆಯ ಆಪರೇಷನ್ ಆಗಿ ಆರು ವಾರವಾಯಿತು. ಹೃದಯದ ಒಂದು ಕವಾಟ ಕೆಟ್ಟಿತ್ತು, ಅದರ ಜಾಗದಲ್ಲಿ ಲೋಹದ್ದು ಕೂರಿಸಿದ್ದಾರೆ. ಆಗ ನನಗೆ ಪರೀಕ್ಷೆಯ ಕೆಲಸ, ಬರಲಾಗಲಿಲ್ಲ. ಎಲ್ಲವನ್ನೂ ಅವಳ ಗಂಡನೇ ನಿಭಾಯಿಸಿದರು.

ಮನೆ ಎಂದರೆ ಕೆಳಗೆ ಅವರ ಬೀಗ ರಿಪೇರಿ ಅಂಗಡಿ, ಮೇಲೆ ಎರಡು ಕೋಣೆ, ನಡುವೆ ಕಡಿದಾದ ಮರದ ಮೆಟ್ಟಿಲು. ಕೀಲಿಗೆ ಅರ ಉಜ್ಜುವ ಸದ್ದು ದಿನವಿಡೀ ನೆಲದ ಹಲಗೆಗಳ ಮೂಲಕ ಮೇಲೆ ಬರುತ್ತದೆ. ಪುಟ್ಟಿಯ ಪಕ್ಕ ಕೂತಾಗ ಇನ್ನೊಂದು ಸದ್ದು ಕೇಳಿಸಿತು, ಟಿಕ್ ಟಿಕ್ ಎಂದು. ನಾನು ಗೋಡೆಯಲ್ಲಿ ಗಡಿಯಾರ ಹುಡುಕಿದೆ. ಅವಳು ನಕ್ಕು ಎದೆ ಮುಟ್ಟಿ ತೋರಿಸಿದಳು.

“ನಾನೇ ಕಣೇ ಗಡಿಯಾರ. ಕೀಲಿ ಕೊಡೋ ಕೆಲಸಾನೂ ಇಲ್ಲ.”

ಅವಳ ಗಂಡ ಸಂಜೆ ಅಂಗಡಿ ಮುಚ್ಚಿ ಬಂದು, ಏಳು ಖಾನೆಯ ಮಾತ್ರೆ ಡಬ್ಬಿ ತಂದು ನನ್ನ ಮುಂದೆ ಇಟ್ಟು, ಪಾಠ ಒಪ್ಪಿಸುವ ಹುಡುಗನ ಹಾಗೆ ವಿವರಿಸಿದರು. “ಅಕ್ಕ, ಮಿಕ್ಕಿದ್ದೆಲ್ಲ ಒಂದು ಹೊತ್ತು ತಪ್ಪಿದ್ರೂ ನಡೆಯುತ್ತೆ. ಈ ಗುಲಾಬಿ ಬಣ್ಣದ್ದೊಂದು ಮಾತ್ರ ತಪ್ಪೋ ಹಾಗಿಲ್ಲ. ರಕ್ತ ತೆಳ್ಳಗಿರೋದಕ್ಕೆ ಇದು. ತಪ್ಪಿದ್ರೆ ಆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟುತ್ತಂತೆ. ಅದು ಹೋಗಿ ಮೆದುಳಲ್ಲಿ ಸಿಕ್ಕಿಕೊಂಡ್ರೆ ಮುಗೀತು, ನಾವ್ಯಾರೂ ಏನೂ ಮಾಡಕ್ಕಾಗಲ್ಲ ಅಂದಿದಾರೆ ಡಾಕ್ಟ್ರು.”

ಒಳ್ಳೆಯ ಮನುಷ್ಯ. ಮದುವೆಯ ಕಾಲಕ್ಕೆ ನಾನು ಬೇಡವೆಂದಿದ್ದೆ, ಈಗ ಅನ್ನುವುದಕ್ಕೆ ಏನೂ ಇಲ್ಲ.

ಏಪ್ರಿಲ್ ೧೪, ಭಾನುವಾರ

ಊಟವಾದ ಮೇಲೆ ಪುಟ್ಟಿ ನಾಲ್ಕು ಗಂಟೆಯವರೆಗೂ ಮಲಗುತ್ತಾಳೆ. ನಾನು ಛಾವಣಿ ನೋಡುತ್ತಾ ಎಷ್ಟು ಹೊತ್ತು ಕೂರಲಿ. ಬೀದಿಯ ತುದಿಯಲ್ಲಿ ರದ್ದಿ ಅಂಗಡಿಯೊಂದಿದೆ ಎಂದು ಅವಳೇ ಹೇಳಿದಳು. ಹಳೆಯ ಪುಸ್ತಕಗಳೆಲ್ಲ ಸೊಂಟದವರೆಗೆ ರಾಶಿ, ರಾಶಿಗಳ ನಡುವೆ ಒಬ್ಬ ಮುದುಕರು. ಓದಿ ಮುಗಿದ ಎರಡು ಕೊಟ್ಟರೆ ಓದದ ಒಂದು ಕೊಡುವುದು ಅವರ ಪದ್ಧತಿ.

“ಏನು ಓದ್ತೀರಿ?”

“ಇದುವರೆಗೂ ಉತ್ತರ ಪತ್ರಿಕೆ ಬಿಟ್ಟು ಏನೂ ಓದಿಲ್ಲ.”

“ಹಾಗಾದ್ರೆ ತಪ್ಪು ಹುಡುಕೋದು ಗೊತ್ತು ಅನ್ನಿ,” ಎಂದು ದಾರದಲ್ಲಿ ಕಟ್ಟಿದ ಒಂದು ಕಂತೆ ಎಳೆದು ಕೊಟ್ಟರು. ಪತ್ತೇದಾರಿ ಮಾಲೆ. ಎಲ್ಲದರ ಮುಖಪುಟದಲ್ಲೂ ಒಬ್ಬ ಬೋಳುತಲೆ ಇನ್ಸ್‌ಪೆಕ್ಟರ್, ಅವನ ಹಿಂದೆ ಒಂದು ಹೆಣ. ನನ್ನ ಕಾಲದಲ್ಲಿ ಕಾದಂಬರಿ ಓದಿದರೆ ಹುಡುಗಿಯರು ಕೆಡುತ್ತಾರೆ ಎನ್ನುತ್ತಿದ್ದರು. ಐವತ್ತು ದಾಟಿದ ಮೇಲೆ ಕೆಡುವುದಕ್ಕಾದರೂ ಏನು ಉಳಿದಿದೆ, ಇರಲಿ ಎಂದು ತಂದೆ.

ಏಪ್ರಿಲ್ ೧೯, ಶುಕ್ರವಾರ

ಈ ಐದು ದಿನ ಡೈರಿ ಮುಟ್ಟಲಿಲ್ಲ, ಓದುತ್ತಿದ್ದೆ. ಒಂದು ಮುಗಿದರೆ ಇನ್ನೊಂದು. ಒಲೆಯ ಮೇಲಿಟ್ಟ ಹಾಲು ಎರಡು ಸಲ ಉಕ್ಕಿ ಹೋಯಿತು. “ನೀನು ಪುಸ್ತಕ ಓದ್ತಿಲ್ಲ ಅಕ್ಕ, ಅದಕ್ಕೆ ಪರೀಕ್ಷೆ ಮಾಡ್ತಿದೀಯ,” ಎಂದು ಪುಟ್ಟಿ ರೇಗಿಸುತ್ತಾಳೆ. ನಿಜ. ಅರ್ಧ ಓದಿದ ಮೇಲೆ ಪುಸ್ತಕ ಮುಚ್ಚಿ, ಕೊಲೆಗಾರ ಯಾರೆಂದು ಹಿಂದಿನ ರಟ್ಟಿನ ಒಳಗೆ ಪೆನ್ಸಿಲ್ಲಿನಲ್ಲಿ ಬರೆದು, ಆಮೇಲೆ ಮುಂದುವರಿಸುತ್ತೇನೆ. ಇದುವರೆಗೂ ಒಂದೂ ತಪ್ಪಿಲ್ಲ.

ಗುಟ್ಟು ಸುಲಭ. ಗದರುವವನು, ಕುಡುಕ, ಸಾಲಗಾರ, ಇವರ್ಯಾರೂ ಅಲ್ಲ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸೇವೆ ಮಾಡುವವನು, ದಿಂಬು ಸರಿಮಾಡುವವನು, ಬಿಸಿನೀರು ತಂದುಕೊಡುವವನು ಯಾರೋ, ಅವನು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ. ತರಗತಿಯಲ್ಲೂ ನಕಲು ಹೊಡೆಯುವವನು ಎದ್ದು ನಿಂತು ನಮಸ್ಕಾರ ಹೇಳುವವನೇ ಆಗಿರುತ್ತಿದ್ದ.

ಸಂಜೆ ಪುಟ್ಟಿಯ ಗಂಡ ಅವಳಿಗೆ ತಲೆ ಬಾಚುತ್ತಿದ್ದರು. ಅವಳಿಗೆ ಕೈ ಎತ್ತಿದರೆ ಎದೆಯ ಹೊಲಿಗೆ ಎಳೆಯುತ್ತದಂತೆ. ಗಂಟುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಬಿಡಿಸಿ ಎರಡು ಜಡೆ ಹಾಕಿದರು. ಅಮ್ಮ ಹೋದಾಗ ಪುಟ್ಟಿಗೆ ಆರು ವರ್ಷ. ಅವಳ ಮದುವೆಯ ಬೆಳಿಗ್ಗೆಯವರೆಗೂ ಆ ತಲೆ ಬಾಚಿದವಳು ನಾನು. “ಬಿಡಿ, ನಾನು ಹಾಕ್ತೀನಿ,” ಎಂದೆ. “ಪರವಾಗಿಲ್ಲ ಅಕ್ಕ, ನೀವು ಓದಿ,” ಎಂದರು. ನನಗೆ ಬಹಳ ಬೇಸರವಾಯಿತು.

ಏಪ್ರಿಲ್ ೨೩, ಮಂಗಳವಾರ

ಪುಟ್ಟಿಯ ಮುಂದೋಳಿನಲ್ಲಿ ಒಂದು ನೀಲಿ ಕಲೆ, ತೊಡೆಯ ಮೇಲೆ ಇನ್ನೊಂದು. ಮೈ ಒರೆಸುವಾಗ ಕಂಡೆ. ಕೇಳಿದರೆ, “ಮಂಚಕ್ಕೆ ತಾಗಿರಬೇಕು. ಆ ಮಾತ್ರೆ ತಗೊಂಡ್ರೆ ಮುಟ್ಟಿದಲ್ಲೆಲ್ಲ ಹೀಗೇ ಆಗುತ್ತೆ ಅಂತ ಡಾಕ್ಟ್ರು ಮೊದಲೇ ಹೇಳಿದ್ರು,” ಎಂದಳು. ಡಾಕ್ಟರು ಹೇಳಿದ್ದು ಇವಳ ಹತ್ತಿರವೋ, ಇವಳ ಗಂಡನ ಹತ್ತಿರವೋ ಎಂದು ಕೇಳಿದೆ. ಅವರ ಹತ್ತಿರವಂತೆ.

ಇನ್ನೊಂದು ವಿಚಿತ್ರ. ಮಧ್ಯಾಹ್ನ ಒಳ್ಳೆಯ ಎಳೆಯ ಸೊಪ್ಪು ತಂದು ಬೇಯಿಸಿದ್ದೆ. ಅವರು ತಟ್ಟೆ ನೋಡಿ ಅರ್ಧಕ್ಕರ್ಧ ತೆಗೆದು ಬದಿಗಿಟ್ಟರು. “ಸೊಪ್ಪು ಜಾಸ್ತಿ ಬೇಡ ಅಕ್ಕ, ಮಾತ್ರೆ ಕೆಲಸ ಮಾಡಲ್ವಂತೆ.” ರೋಗಿಗೆ ಹಸಿರು ತಿನ್ನಬೇಡ ಎನ್ನುವ ವೈದ್ಯಶಾಸ್ತ್ರ ಯಾವ ಪುಸ್ತಕದಲ್ಲಿದೆಯೋ ನನಗೆ ತಿಳಿಯದು. ಅವಳ ಮುಖದಲ್ಲಿ ರಕ್ತವೇ ಇಲ್ಲ. ಅವರು ಅಂಗಡಿಗೆ ಇಳಿದ ಮೇಲೆ ಬಟ್ಟಲು ತುಂಬ ತಿನ್ನಿಸಿದೆ. ಚಿಕ್ಕವಳಿದ್ದಾಗಿನ ಹಾಗೆ ಬಾಯಿ ತೆರೆದು ತಿಂದಳು. ಇನ್ನು ಮೇಲೆ ದಿನಾ ಹೀಗೆಯೇ.

ಏಪ್ರಿಲ್ ೨೭, ಶನಿವಾರ

ರಕ್ತ ತೆಗೆಯುವ ನರ್ಸ್ ಬಂದಿದ್ದಳು. ಹದಿನೈದು ದಿನಕ್ಕೊಮ್ಮೆ ಮನೆಗೇ ಬಂದು ಸೂಜಿ ಚುಚ್ಚಿ ಹೋಗುತ್ತಾಳೆ; ರಕ್ತ ಎಷ್ಟು ತೆಳ್ಳಗಿದೆ ಎಂದು ಅದರಿಂದ ಗೊತ್ತಾಗುತ್ತದಂತೆ. ಮೂವತ್ತರ ಆಸುಪಾಸು, ನಗುಮುಖ, ಹೊಸ ಚಪ್ಪಲಿ. ಕೆಲಸ ಮುಗಿದ ಮೇಲೆ ಹೋಗುವುದು ತಾನೇ? ಇಲ್ಲ. ಕೆಳಗೆ ಅಂಗಡಿಯ ಬಾಗಿಲಲ್ಲಿ ಅವಳೂ ಪುಟ್ಟಿಯ ಗಂಡನೂ ತಗ್ಗಿದ ದನಿಯಲ್ಲಿ ಮಾತಾಡುತ್ತಾ ನಿಂತರು. ನಾನು ಮೆಟ್ಟಿಲ ಮೇಲಿನಿಂದ ಬಗ್ಗಿ ನೋಡಿದೆ. ಅವಳು ಅವರ ತೋಳು ಮುಟ್ಟಿ ಏನೋ ಅಂದಳು. ಅವರು ಕಣ್ಣೊರೆಸಿಕೊಂಡರು. ನನ್ನ ಹೆಜ್ಜೆ ಕೇಳಿದ್ದೇ ತಡ, ಇಬ್ಬರೂ ಸುಮ್ಮನಾದರು.

“ಏನಂತೆ?” ಎಂದೆ.

“ಏನಿಲ್ಲ ಅಕ್ಕ. ಧೈರ್ಯವಾಗಿರಿ ಅಂದ್ರು.”

ಏನಿಲ್ಲ ಎಂದವರ ಬಳಿ ಏನೋ ಇದ್ದೇ ಇರುತ್ತದೆ. ಬೋಳುತಲೆ ಇನ್ಸ್‌ಪೆಕ್ಟರ್ ಪ್ರತಿ ಪುಸ್ತಕದಲ್ಲೂ ಮೂರು ಪ್ರಶ್ನೆ ಕೇಳುತ್ತಾನೆ: ಯಾರಿಗೆ ಲಾಭ, ಯಾರಿಗೆ ಅವಕಾಶ, ಯಾರ ಮೇಲೆ ಅನುಮಾನ ಬರುವುದಿಲ್ಲ. ನಾನೇನೂ ಯೋಚಿಸುತ್ತಿಲ್ಲ, ಪ್ರಶ್ನೆಗಳು ಚೆನ್ನಾಗಿವೆ ಎಂದು ಬರೆದೆ ಅಷ್ಟೆ.

ಮೇ ೧, ಬುಧವಾರ

ರಕ್ತ ಸಾಕಷ್ಟು ತೆಳ್ಳಗಿಲ್ಲವಂತೆ. ಡಾಕ್ಟರು ಫೋನಿನಲ್ಲಿ ಮಾತ್ರೆ ಹೆಚ್ಚಿಸಲು ಹೇಳಿದರಂತೆ. ಯಾರಿಗೆ ಹೇಳಿದ್ದು? ಅವನಿಗೆ. ಕೇಳಿಸಿಕೊಂಡವರು ಯಾರು? ಅವನೇ. ಸಂಜೆ ಡಬ್ಬಿ ತೆರೆದು ನೋಡಿದರೆ ಗುಲಾಬಿ ಮಾತ್ರೆ ಮಾಯ, ಅದರ ಜಾಗದಲ್ಲಿ ನೀಲಿ.

“ಬಣ್ಣ ಯಾಕೆ ಬದಲಾಯ್ತು?”

“ಇದು ಜಾಸ್ತಿ ಪವರ್‌ದು ಅಕ್ಕ. ಬಣ್ಣ ನೋಡಿದ್ರೆ ಎಷ್ಟು ಪವರ್ ಅಂತ ಗೊತ್ತಾಗೋ ಹಾಗೆ ಮಾಡಿದಾರೆ. ನನಗೆ ಅರ್ಥವಾಗ್ತಿಲ್ಲ, ಒಂದು ದಿನಾನೂ ತಪ್ಪಿಸಿಲ್ಲ, ಆದ್ರೂ ರಕ್ತ ಯಾಕೆ ಗಟ್ಟಿಯಾಗ್ತಿದೆ ಅಂತ.” ಹಣೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತ. ನೋಡಿದವರಿಗೆ ಕರುಳು ಚುರುಕ್ ಎನ್ನಬೇಕು, ಹಾಗೆ ಕೂತಿದ್ದ.

ಮೇ ೫, ಭಾನುವಾರ

ಇದನ್ನು ಬರೆದಿಡಲೇಬೇಕು.

ನಿನ್ನೆ ಹೊಸ ಕಂತೆ ತಂದಿದ್ದೆ. ಮೇಲಿನ ಪುಸ್ತಕದಲ್ಲಿ ಒಬ್ಬ ಗಂಡ ಹಾಸಿಗೆ ಹಿಡಿದ ಹೆಂಡತಿಗೆ ಇಲಿ ಪಾಷಾಣವನ್ನು ದಿನಾ ಚೂರುಚೂರು ಹಾಕುತ್ತಾನೆ. ಮೊದಲು ಮೈಮೇಲೆ ನೀಲಿ ಕಲೆಗಳು. ಆಮೇಲೆ ಒಸಡಿನಲ್ಲಿ ರಕ್ತ. ಊರವರೆಲ್ಲ ಅವನನ್ನು ದೇವರಂಥ ಗಂಡ ಎನ್ನುತ್ತಾರೆ. ಅರ್ಧದಲ್ಲೇ ಪುಸ್ತಕ ಮುಚ್ಚಿದೆ. ಇವತ್ತು ಬೆಳಿಗ್ಗೆ ಪುಟ್ಟಿ ಹಲ್ಲುಜ್ಜಿ ಉಗಿದ ನೀರು ಕೆಂಪಗಿತ್ತು.

ನೀಲಿ ಮಾತ್ರೆಯ ಖಾಲಿ ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೂರದ ಇನ್ನೊಂದು ಔಷಧಿ ಅಂಗಡಿಗೆ ಹೋದೆ. ಗುರುತಿನ ಅಂಗಡಿ ಬೇಡವೆಂದು. ಇದು ಯಾವ ಔಷಧಿ ಎಂದು ಕೇಳಿದೆ. ಅಂಗಡಿಯವನು ತಿರುಗಿಸಿ ನೋಡಿ, “ರಕ್ತ ತೆಳ್ಳಗಾಗೋಕೆ. ತಮಾಷೆ ಗೊತ್ತಾ ಮೇಡಂ, ಮೊದಲು ಇದನ್ನ ಇಲಿ ಸಾಯಿಸೋಕೆ ಮಾರ್ತಾ ಇದ್ರು. ಲೆಕ್ಕ ಹಾಕಿ ಸ್ವಲ್ಪ ಕೊಟ್ರೆ ಮದ್ದು,” ಎಂದು ನಕ್ಕ.

ಅವನು ಮುಂದೆ ಇನ್ನೂ ಏನೇನೋ ಹೇಳುತ್ತಿದ್ದ. ಇಲಿ ಎಂಬ ಮಾತಿನ ನಂತರ ನನಗೆ ಬೇರೇನೂ ಕೇಳಿಸಲಿಲ್ಲ.

ಮೇ ೬, ಸೋಮವಾರ

ಇನ್ಸ್‌ಪೆಕ್ಟರ್ ಎಂದೂ ಕೂಗಾಡುವುದಿಲ್ಲ. ಸಾಕ್ಷಿ ಕೈಗೆ ಸಿಗುವವರೆಗೂ ಕೊಲೆಗಾರನ ಜೊತೆಯಲ್ಲೇ ಕೂತು ಚಹಾ ಕುಡಿಯುತ್ತಾನೆ. ಬೆಳಿಗ್ಗೆ ನಾನೂ ಅವನ ಎದುರು ಕೂತು ಚಹಾ ಕುಡಿದೆ.

“ನಿಮಗೆ ಅಂಗಡಿ ಕೆಲಸ ಬೇರೆ. ಮಾತ್ರೆ ಡಬ್ಬಿ ತುಂಬೋದು, ಕೊಡೋದು ನನಗೆ ಬಿಡಿ,” ಎಂದೆ.

“ಅಯ್ಯೋ, ನಿಮಗ್ಯಾಕೆ ತೊಂದರೆ ಅಂತ ಸುಮ್ನಿದ್ದೆ ಅಕ್ಕ. ನೀವು ನೋಡ್ಕೊಂಡ್ರೆ ನನಗಿನ್ನು ಚಿಂತೆ ಇಲ್ಲ. ಲೆಕ್ಕದ ಟೀಚರ್ ನೀವು, ನನ್ನ ಹಾಗೆ ಮರೆಯಲ್ಲ.”

ಎಷ್ಟು ಸಲೀಸಾಗಿ ಒಪ್ಪಿದ ನೋಡಿ. ನಾಳೆ ಏನಾದರೂ ಆದರೆ ಮಾತ್ರೆ ಕೊಟ್ಟವಳು ನಾನಾಗಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆದರೆ ಕೋಲು ಯಾರ ಕೈಯಲ್ಲಿದೆ ಎಂದು ಅವನಿಗೆ ಗೊತ್ತಿಲ್ಲ.

ಅದೇ ದೂರದ ಅಂಗಡಿಯಿಂದ ಮಕ್ಕಳ ವಿಟಮಿನ್ ಮಾತ್ರೆ ತಂದಿದ್ದೆ, ನೀಲಿ ಬಣ್ಣದ್ದೇ. ಡಬ್ಬಿಯಲ್ಲಿದ್ದ ವಿಷವನ್ನೆಲ್ಲ ಒಂದು ಲಕೋಟೆಗೆ ಸುರಿದು ನನ್ನ ಪೆಟ್ಟಿಗೆಯ ತಳದಲ್ಲಿಟ್ಟೆ, ಮುಂದೆ ಸಾಕ್ಷಿಯಾಗುತ್ತದೆ. ರಾತ್ರಿಯ ಊಟವಾದ ಮೇಲೆ ಪುಟ್ಟಿ ಮಾತ್ರೆ ಬಾಯಿಗೆ ಹಾಕಿಕೊಂಡು ಹುಬ್ಬೇರಿಸಿದಳು.

“ಇದು ಸಿಹಿ ಇದೆಯಲ್ಲೇ ಅಕ್ಕ?”

“ಹೊಸ ಕಂಪನಿದು. ನುಂಗು.”

“ನೀನು ಕೊಟ್ಟಿದ್ದು ಅಂದ್ಮೇಲೆ ಕೇಳೋದೇನಿದೆ,” ಎಂದು ನೀರು ಕುಡಿದಳು.

ಅವಳಿಗೆ ಸದ್ಯ ಹೇಳುವುದಿಲ್ಲ. ಕಟ್ಟಿಕೊಂಡ ಗಂಡನೇ ಹೀಗೆ ಎಂದು ತಿಳಿದರೆ ಆ ಹೊಲಿದ ಎದೆ ತಡೆದುಕೊಳ್ಳುತ್ತದೆಯೇ. ಎಷ್ಟೋ ದಿನಗಳ ಮೇಲೆ ಇವತ್ತು ನೆಮ್ಮದಿಯಾಗಿದೆ.

ಮೇ ೯, ಗುರುವಾರ

ಒಸಡಿನ ರಕ್ತ ನಿಂತಿದೆ.

ಮೇ ೧೧, ಶನಿವಾರ

ತೋಳಿನ ಕಲೆ ಹಳದಿಗೆ ತಿರುಗಿದೆ, ತೊಡೆಯದು ಹೆಚ್ಚುಕಮ್ಮಿ ಮಾಯವಾಗಿದೆ. ಇದಕ್ಕಿಂತ ಪುರಾವೆ ಏನು ಬೇಕು? ವಿಷ ನಿಲ್ಲಿಸಿದೆ, ಕಲೆ ಹೋಯಿತು. ಒಂದಕ್ಕೊಂದು ಕೂಡಿದರೆ ಎರಡಾಗುವಷ್ಟೇ ಖಂಡಿತ. ಅವನೂ ಕಲೆ ನೋಡಿದ. “ಪರವಾಗಿಲ್ಲ, ಹೊಸದಾಗಿ ಬರ್ತಿಲ್ಲ,” ಎಂದು ಸಂತೋಷ ತೋರಿಸಿದ. ಒಳಗೊಳಗೆ ಎಷ್ಟು ಉರಿದಿರಬೇಕು.

ನರ್ಸ್ ಬಂದಾಗ ಅವನು ಯಾರದೋ ಮನೆಯ ಬೀಗ ಮುರಿಯಲು ಹೋಗಿದ್ದ. ನನಗೆ ಒಳ್ಳೆಯದೇ ಆಯಿತು. “ನಿನ್ನೆ ಆಸ್ಪತ್ರೆ ಕಡೆ ಹೋಗಿದ್ವಿ, ಅಲ್ಲೇ ರಕ್ತ ಕೊಟ್ಟು ಬಂದ್ವಿ. ಇನ್ನು ನೀವು ಬರೋದು ಬೇಡ,” ಎಂದು ಹೊಸಿಲಿನಲ್ಲೇ ತಡೆದೆ. ಅವಳು ಚೀಲ ಹೆಗಲಿಗೇರಿಸಿಕೊಂಡು, “ರಿಪೋರ್ಟ್ ಚೆನ್ನಾಗಿ ಬಂತಾ?” ಎಂದಳು. ಬಹಳ ಚೆನ್ನಾಗಿ ಬಂದಿದೆ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಅವಳ ಮುಖ ಸಣ್ಣದಾಗಿದ್ದನ್ನು ನಾನು ಗಮನಿಸಿದೆ. ಅವನಿಗೆ, ನರ್ಸ್ ಬಂದು ರಕ್ತ ತೆಗೆದುಕೊಂಡು ಹೋದಳು, ಎಲ್ಲ ಸರಿಯಾಗಿದೆಯಂತೆ ಎಂದೆ. ಅವನು ಕೈ ಮುಗಿದ. ನಟನೆಗೂ ಒಂದು ಮಿತಿ ಬೇಡವೇ.

ಮೇ ೧೫, ಬುಧವಾರ

ಒಂದು ಪುಸ್ತಕದ ಕೊನೆಯ ಹಾಳೆಗಳೇ ಇಲ್ಲ, ಯಾರೋ ಹರಿದಿದ್ದಾರೆ. ಮನೆಯ ಯಜಮಾನ ಹಾಸಿಗೆಯಲ್ಲೇ ಸತ್ತಿದ್ದಾನೆ, ಹತ್ತಿರ ಇದ್ದವನು ಅತಿ ನಂಬಿಕೆಯ ಆಳು. ರಟ್ಟಿನಲ್ಲಿ ‘ಆಳು’ ಎಂದು ಬರೆದು ಮುಗಿಸಿದ್ದೆ. ಹಾಳೆ ಇಲ್ಲದ್ದು ನನಗೇನೂ ತೊಂದರೆಯಾಗಲಿಲ್ಲ. ಹಿಂದಿರುಗಿಸುವಾಗ ರದ್ದಿ ಅಂಗಡಿಯ ಮುದುಕರು ರಟ್ಟು ತೆರೆದು ನೋಡಿ ನಕ್ಕರು.

“ಆಳಲ್ಲಮ್ಮ. ನಾನು ಪೂರ್ತಿ ಪ್ರತಿ ಓದಿದೀನಿ. ಅದರಲ್ಲಿ ಕೊಲೇನೇ ಆಗಿರಲ್ಲ. ಆ ಮನುಷ್ಯ ಕಾಯಿಲೆಯಿಂದ ಸತ್ತಿರ್ತಾನೆ. ಇನ್ಸ್‌ಪೆಕ್ಟರ್ ಆ ಬಡಪಾಯಿ ಆಳನ್ನ ಸುಮ್ಮನೆ ಹಿಡಿಸಿ, ಕೊನೆಗೆ ಅವನ ಮನೆಗೆ ಹೋಗಿ ಕ್ಷಮೆ ಕೇಳ್ತಾನೆ.”

“ಹಾಗಾದ್ರೆ ಬರೆದವರದ್ದೇ ತಪ್ಪು.”

“ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಈ ಪುಸ್ತಕಗಳನ್ನ ಒಂದರ ಮೇಲೊಂದು ಓದಬಾರದು ತಾಯಿ. ನನ್ನ ಅಂಗಡಿ ವ್ಯಾಪಾರಕ್ಕೆ ನಷ್ಟ ಆದ್ರೂ ಹೇಳ್ತೀನಿ, ನಡುವೆ ಒಂದು ನಗೆಬರಹ ಓದಿ.”

ಹಾಸ್ಯಕ್ಕೆ ಮಾತಾಡುವವರ ಹತ್ತಿರ ವಾದವೇಕೆಂದು ಸುಮ್ಮನೆ ಬಂದೆ. ಆದರೆ ದಾರಿಯುದ್ದಕ್ಕೂ ಕೋಪ ಬರುತ್ತಲೇ ಇತ್ತು. ಇನ್ನೂರು ಪುಟ ಓದಿಸಿ ಕೊನೆಯಲ್ಲಿ ಕೊಲೆಯೇ ಇಲ್ಲ ಎಂದರೆ ಅದು ಉತ್ತರವೇ? ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ.

ಮೇ ೧೮, ಶನಿವಾರ

ಪುಟ್ಟಿಯ ಎದೆಯ ಟಿಕ್ ಟಿಕ್ ಮೊದಲಿನಷ್ಟು ಜೋರಾಗಿಲ್ಲ. ಕಿವಿಯಿಟ್ಟು ಕೇಳಿದರೆ ಬಟ್ಟೆ ಸುತ್ತಿದ ಗಡಿಯಾರದ ಹಾಗೆ ಮಂದವಾಗಿ ಕೇಳಿಸುತ್ತದೆ. ಲೋಹ ಈಗ ಮೈಗೆ ಒಗ್ಗಿರಬೇಕು. ಅವಳಿಗೆ ಹೇಳಿದರೆ ಅಷ್ಟೇನೂ ಸಂತೋಷಪಡಲಿಲ್ಲ.

“ಮೆಟ್ಟಿಲು ಹತ್ತಿದ ಹಾಗೆ ಏದುಸಿರು ಬರ್ತಿದೆ ಅಕ್ಕ. ಬರೀ ಮಗ್ಗುಲು ಬದಲಾಯಿಸಿದ್ರೆ ಸಾಕು. ಇವರಿಗೆ ಹೇಳಿ ಡಾಕ್ಟರ ಹತ್ತಿರ ಹೋಗಿ ಬರೋಣ್ವಾ?”

“ಸೆಖೆಗೆ ಹಾಗಾಗುತ್ತೆ. ಎಲ್ಲರಿಗೂ ಏದುಸಿರೇ.”

“ಅವರಿಗೆ ಒಂದು ಮಾತು ಹೇಳು ಸಾಕು.”

ಮಾತು ಮಾತಿಗೂ ಅವರು, ಅವರು. ಸಾಕಿದವಳು ಪಕ್ಕದಲ್ಲಿ ಕೂತಿದ್ದರೂ ಅವರು. ನನಗೆ ಕಣ್ಣು ತುಂಬಿ ಬಂತು. ಕಿಟಕಿಯ ಕಡೆ ತಿರುಗಿ ಒರೆಸಿಕೊಂಡೆ. ಅವನಿಗೆ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಒಬ್ಬಳೇ ಅವನ ಕೈಗೆ ಸಿಕ್ಕರೆ ಏನು ಕೊಡಿಸುತ್ತಾನೋ ಯಾರಿಗೆ ಗೊತ್ತು. ಸಂಜೆ ಅವನು ಮೇಲೆ ಬಂದಾಗ ಮಲಗಿದ್ದಾಳೆ, ಎಬ್ಬಿಸಬೇಡಿ ಎಂದು ಕೆಳಗೆ ಕಳಿಸಿದೆ. ಅಂಗಡಿಯಲ್ಲೇ ಊಟ ಮಾಡಿದ.

ಮೇ ೨೧, ಮಂಗಳವಾರ

ಬೆಳಿಗ್ಗೆ ಪುಟ್ಟಿಯ ಬಲಗೈಯಿಂದ ಲೋಟ ಜಾರಿ ಹಾಲೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು. ಬೆರಳು ಜೋಮು ಹಿಡಿದಂತಾಯಿತು ಎಂದಳು, ಸ್ವಲ್ಪ ಹೊತ್ತಿಗೆ ಸರಿಹೋಯಿತು. ಅವಳು ಹೆದರಿದ್ದಳು.

“ನಿಜ ಹೇಳು ಅಕ್ಕ, ನನ್ನ ಮಾತ್ರೆ ಸರಿಯಾಗಿ ಕೊಡ್ತಿದೀಯ ತಾನೇ?”

ಆರು ವರ್ಷದ ಮಗುವಿನಿಂದ ಸಾಕಿದ್ದೇನೆ, ಇವಳಿಗಾಗಿ ನನ್ನ ಬದುಕಿನ ಲೆಕ್ಕವನ್ನೇ ಅರ್ಧಕ್ಕೆ ಬಿಟ್ಟಿದ್ದೇನೆ. ಈ ಪ್ರಶ್ನೆ ಇವಳದ್ದಲ್ಲ, ಯಾರೋ ಕಿವಿಯೂದಿದ್ದಾರೆ. ಯಾರೆಂದು ಹೇಳಬೇಕಾಗಿಲ್ಲ. “ನಾನು ಇರೋದ್ರಿಂದಲೇ ನೀನು ಬದುಕಿದೀಯ,” ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಜೋಮು ಹೇಗೆ ಬಂತು ಎಂದು ಯೋಚಿಸುತ್ತಿದ್ದೇನೆ. ಮಾತ್ರೆಯ ದಾರಿ ಮುಚ್ಚಿದ್ದೇನೆ. ಹಾಗಾದರೆ ಅವನು ಬೇರೆ ದಾರಿ ಹಿಡಿದಿದ್ದಾನೆ. ಹಾಲು ತರುವವನು ಅವನೇ. ನಾಳೆಯಿಂದ ಹಾಲು ಬಂದ್.

ಮೇ ೨೨, ಬುಧವಾರ

ಪ್ರಕರಣ ಬಿಸಿಯಿರುವಾಗಲೇ ಬರೆದಿಡಬೇಕು ಎಂದು ಇನ್ಸ್‌ಪೆಕ್ಟರ್ ಹೇಳುತ್ತಾನೆ. ಆದ್ದರಿಂದ ಮಂಚದ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಪೊಲೀಸರು ಬಂದಾಗ ನನ್ನ ಮಾತಿನಲ್ಲಿ ಒಂದು ಅಕ್ಷರವೂ ಹಿಂದುಮುಂದಾಗಬಾರದು.

ಊಟದ ಹೊತ್ತಿಗೆ ಆರೋಪಿ ಮೆಟ್ಟಿಲನ್ನು ಮೂರು ಮೂರು ದಾಟಿ ಓಡಿ ಬಂದ. ಬೀದಿಯಲ್ಲಿ ಆ ನರ್ಸ್ ಸಿಕ್ಕಿದ್ದಳಂತೆ. ರಕ್ತವನ್ನೇ ತೆಗೆದಿಲ್ಲ, ಆಸ್ಪತ್ರೆಯಲ್ಲಿ ಕೊಟ್ಟಿರೆಂದು ಅಕ್ಕ ಹೇಳಿದರು ಎಂದಳಂತೆ. “ಯಾಕೆ ಅಕ್ಕ ಹಾಗಂದ್ರಿ?” ಎಂದು ಕೇಳಿದ. ನಾನು ಉತ್ತರ ಕೊಡುವ ಮೊದಲೇ ಅವನ ದೃಷ್ಟಿ ಹಾಸಿಗೆಯ ಕಡೆ ಹೋಯಿತು. ಪುಟ್ಟಿಯ ಬಾಯಿ ಒಂದು ಪಕ್ಕಕ್ಕೆ ವಾಲಿತ್ತು. ನಾನು ನಿದ್ದೆಯಲ್ಲಿ ಹಾಗಾಗಿದೆ ಎಂದುಕೊಂಡಿದ್ದೆ. ಅವನು ಅವಳ ಬಲಗೈ ಎತ್ತಿ ಬಿಟ್ಟ, ಅದು ತಪ್ಪನೆ ಬಿತ್ತು.

ಆಮೇಲೆ ಮಾತ್ರೆ ಡಬ್ಬಿ ತೆರೆದು ಒಂದನ್ನು ಕಚ್ಚಿ ನೋಡಿದ. ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ತನ್ನ ಆಟ ಬಯಲಾಯಿತು ಎಂದು ತಿಳಿದಾಗ ಎಲ್ಲ ಪುಸ್ತಕಗಳಲ್ಲೂ ಕೊಲೆಗಾರನ ಮುಖ ಹೀಗೆಯೇ ಆಗುತ್ತದೆ.

“ಏನು ಮಾಡಿದ್ರಿ ನೀವು,” ಎಂದ. ಕೂಗಲಿಲ್ಲ. ಅವಳನ್ನು ಎತ್ತಿಕೊಂಡು ಹೋಗಲು ಗಾಡಿ ನಿಲ್ಲಿಸಿ ಬರುತ್ತೇನೆಂದು ಕೆಳಗೆ ಓಡಿದ. ಸಾಕ್ಷಿಯನ್ನೇ ಹೊತ್ತುಕೊಂಡು ಹೋಗುವ ಯೋಚನೆ. ನಾನು ಬಾಗಿಲು ಹಾಕಿ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡನ್ನೂ ಹಾಕಿದೆ. ಬೀಗವಾಗಿದ್ದರೆ ಅವನು ಕಣ್ಣು ಮುಚ್ಚಿ ತೆಗೆಯುತ್ತಿದ್ದ, ಒಳಗಿನ ಚಿಲಕಕ್ಕೆ ಅವನ ವಿದ್ಯೆ ನಡೆಯುವುದಿಲ್ಲ. ಬಾಗಿಲಿಗೆ ಅಡ್ಡವಾಗಿ ಬೀರುವನ್ನೂ ಎಳೆದಿಟ್ಟೆ. ಇಷ್ಟು ಶಕ್ತಿ ಎಲ್ಲಿಂದ ಬಂತೋ.

ಠಾಣೆಗೆ ಫೋನ್ ಮಾಡಿದೆ. ಮೊದಲಿನಿಂದ ಹೇಳಿದೆ: ನೀಲಿ ಕಲೆ, ಸೊಪ್ಪು, ನರ್ಸ್, ಇಲಿ ಪಾಷಾಣ. ಅತ್ತಲಿನವರು ನಡುವೆ ಬಾಯಿ ಹಾಕಿ, “ರೋಗಿ ಈಗ ಹೇಗಿದಾರೆ? ಆಸ್ಪತ್ರೆಗೆ ಕರ್ಕೊಂಡು ಹೋದ್ರಾ?” ಎಂದು ಅದನ್ನೇ ಕೇಳುತ್ತಿದ್ದರು. ಕ್ರಮವಾಗಿ ಹೇಳಲು ಬಿಡಲೇ ಇಲ್ಲ. ಬರುತ್ತೇವೆ ಎಂದಿದ್ದಾರೆ.

ಈಗ ಅವನು ಬಾಗಿಲು ಬಡಿಯುತ್ತಿದ್ದಾನೆ. ಭುಜ ಕೊಟ್ಟು ಗುದ್ದುತ್ತಿದ್ದಾನೆ, ಬೀರು ಅಲುಗುತ್ತಿದೆ. “ಅಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ನನ್ನನ್ನ ಏನು ಬೇಕಾದ್ರೂ ಮಾಡಿ, ಜೈಲಿಗೆ ಹಾಕಿಸಿ. ಮೊದಲು ಅವಳನ್ನ ಹೊರಗೆ ಬಿಡಿ. ಹೊತ್ತಿಲ್ಲ ಅಕ್ಕ.” ಅಳುತ್ತಿದ್ದಾನೆ. ಜೈಲು ಎಂಬ ಮಾತು ತಾನಾಗಿಯೇ ಅವನ ಬಾಯಿಂದ ಬಂತು, ಗಮನಿಸಬೇಕು.

ಪುಟ್ಟಿಗೆ ಎಚ್ಚರವಾಗಿದೆ. ಏನೋ ಹೇಳಲು ನೋಡುತ್ತಿದ್ದಾಳೆ, ನಾಲಿಗೆ ತಿರುಗುತ್ತಿಲ್ಲ. ಕಣ್ಣಿನಿಂದ ನೀರು ಇಳಿದು ಕಿವಿಯೊಳಕ್ಕೆ ಹೋಗುತ್ತಿದೆ, ಸೆರಗಿನಿಂದ ಒರೆಸಿದೆ. ಅವಳ ಎಡಗೈ ಮಾತ್ರ ಮೇಲೆದ್ದಿದೆ, ನಡುಗುತ್ತಾ, ನಡುಗುತ್ತಾ, ಬೆರಳು ನೇರವಾಗಿ ಬಾಗಿಲನ್ನು ತೋರಿಸುತ್ತಿದೆ. ಮತ್ತೆ ಮತ್ತೆ ಅದನ್ನೇ ತೋರಿಸುತ್ತಿದ್ದಾಳೆ, ನನ್ನ ಮುಖ ನೋಡುತ್ತಾಳೆ, ಪುನಃ ಬಾಗಿಲನ್ನು ತೋರಿಸುತ್ತಾಳೆ.

ಕೊನೆಗೂ ಅವಳ ಬಾಯಿಂದಲೇ ಬಂದ ಹಾಗಾಯಿತು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ನ್ಯಾಯಾಲಯಕ್ಕೂ ಬೇಕಾಗಿಲ್ಲ. ಆ ಕೈಯನ್ನು ಹಿಡಿದು ಮೆಲ್ಲಗೆ ಹೊದಿಕೆಯೊಳಗೆ ಇಟ್ಟು, “ಗೊತ್ತು ಪುಟ್ಟಿ, ಅವನೇ ಅಂತ ನನಗೆ ಮೊದಲೇ ಗೊತ್ತಿತ್ತು,” ಎಂದೆ.